ಸಾರಣೆ ಕಾರಣೆ: ಮನೆಯ ಗೋಡೆಯ ಬಣ್ಣವೂ ಕನ್ನಡದ ನುಡಿಯೂ

ಕನ್ನಡದಲ್ಲಿ ‘ಬಣ್ಣ’ ಮತ್ತು ‘ಬಣ್ಣನೆ’ ಒಂದೇ ಬೇರಿನ ಎರಡು ಚಿಗುರುಗಳು. ಸಂಸ್ಕೃತದ ‘ವರ್ಣ’ ತದ್ಭವಗೊಂಡು ‘ಬಣ್ಣ’ವಾಯಿತು, ‘ವರ್ಣನೆ’ಯು ‘ಬಣ್ಣನೆ’ಯಾಯಿತು, ‘ವರ್ಣಿಸು’ ಎಂಬುದು ‘ಬಣ್ಣಿಸು’ ಎಂದಾಯಿತು. ಗೋಡೆಗೆ ಬಳಿಯುವ ಕೆಲಸಕ್ಕೂ ಕಂಡದ್ದನ್ನು ಮಾತಿನಲ್ಲಿ ಕಟ್ಟಿಕೊಡುವ ಕೆಲಸಕ್ಕೂ ಕನ್ನಡ ನುಡಿಯು ಹೀಗೆ ಒಂದೇ ಮೂಲವನ್ನು ಇಟ್ಟುಕೊಂಡಿದೆ. ಅದೇ ನುಡಿಯಲ್ಲಿ ‘ಬಣ್ಣದ ಮಾತು’ ಎಂದರೆ ನಂಬಬಾರದ ಮಾತು. ‘ಬಣ್ಣ ಬಯಲಾಯಿತು’ ಎಂದರೆ ಮುಚ್ಚಿಟ್ಟದ್ದು ಹೊರಬಿತ್ತು ಎಂದರ್ಥ. ಬಣ್ಣವನ್ನು ಮೆಚ್ಚುವ ಮನಸ್ಸೂ ಅದನ್ನು ಶಂಕಿಸುವ ಮನಸ್ಸೂ ಒಂದೇ ಭಾಷೆಯೊಳಗೆ ಕೂಡಿಯೇ ಬಾಳಿವೆ. ಮನೆಯ ಅಲಂಕಾರವನ್ನು ಕುರಿತು ಯೋಚಿಸುವಾಗ ಈ ಎರಡೂ ಅರ್ಥಗಳನ್ನು ಜೊತೆಗಿಟ್ಟುಕೊಳ್ಳುವುದು ಒಳಿತು.

ಮನೆಯ ಅಲಂಕಾರಕ್ಕೆ ಉತ್ತರ ಕರ್ನಾಟಕದ ಬಾಯಲ್ಲಿ ಒಂದು ಹಳೆಯ ಜೋಡಿಪದವಿದೆ: ‘ಸಾರಣೆ ಕಾರಣೆ’. ನೆಲವನ್ನೂ ಗೋಡೆಯನ್ನೂ ಸಗಣಿ, ಮಣ್ಣುಗಳಿಂದ ಬಳಿದು ಹಸನು ಮಾಡುವುದು ಸಾರಣೆ. ಹಾಗೆ ಹಸನಾದ ಗೋಡೆಯ ಮೇಲೆ ಕೆಂಪು, ಬಿಳಿ ಪಟ್ಟಿಗಳನ್ನೂ ಅಂಚುಗಳನ್ನೂ ಚಿತ್ರಗಳನ್ನೂ ಬರೆಯುವುದು ಕಾರಣೆ. ಒಂದು ಶುಚಿಗೆ ಸಂಬಂಧಿಸಿದ್ದು, ಇನ್ನೊಂದು ಚೆಲುವಿಗೆ ಸಂಬಂಧಿಸಿದ್ದು. ಆದರೆ ನುಡಿಯು ಇವೆರಡನ್ನು ಬೇರ್ಪಡಿಸಲಿಲ್ಲ. ಸಾರಿಸದ ಗೋಡೆಗೆ ಕಾರಣೆ ಹಿಡಿಯುವುದಿಲ್ಲ, ಕಾರಣೆಯಿಲ್ಲದ ಸಾರಣೆ ಹಬ್ಬಕ್ಕೆ ಒದಗುವುದಿಲ್ಲ. ಜನಪದ ಗೀತೆಗಳನ್ನು ಓದುವ ವಿದ್ಯಾರ್ಥಿಗೆ ಈ ಜೋಡಿಪದ ಮತ್ತೆ ಮತ್ತೆ ಎದುರಾಗುತ್ತದೆ. ಇಂದು ಅದರ ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕಾಗಿದೆ. ಒಂದು ತಲೆಮಾರಿನ ಹಿಂದೆ ವಿಜಯಪುರದ ಸುತ್ತಲಿನ ಯಾವ ಮನೆಯ ಮಗುವಿಗೂ ಈ ಟಿಪ್ಪಣಿ ಬೇಕಿರಲಿಲ್ಲ.

ವಿಜಯಪುರ ನಗರದ ಜಲನಗರದಂತಹ ಬಡಾವಣೆಯೊಂದರಲ್ಲಿ ಸಂಜೆ ಸುಮ್ಮನೆ ನಡೆದು ಹೋದರೆ ಈ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಸಿಮೆಂಟಿನ ಮನೆಗಳ ಮುಂಭಾಗಕ್ಕೆ ಎರಡು ಮೂರು ಗಾಢ ಬಣ್ಣಗಳು; ಒಳಗೆ ಹಾಲ್‌ನ ಒಂದು ಗೋಡೆಗೆ ಮಾತ್ರ ಬೇರೆ ಬಣ್ಣ; ಟಿವಿಯ ಸುತ್ತ ಗಾಜಿನ ಶೋಕೇಸು; ಅದರಲ್ಲಿ ಎಲ್ಲ ಮನೆಗಳಲ್ಲೂ ಒಂದೇ ತೆರನಾಗಿ ಕಾಣುವ ಬಣ್ಣದ ಹೂದಾನಿ, ಅಚ್ಚಿನಲ್ಲಿ ಎರೆದ ಬುದ್ಧನ ತಲೆ, ಬಾಡದ ಹೂಗಳು. ಬಣ್ಣವನ್ನು ಅಂಗಡಿಯ ಶೇಡ್ ಕಾರ್ಡಿನಿಂದ ಆರಿಸಲಾಗುತ್ತದೆ, ಚಿತ್ರವನ್ನು ಆನ್‌ಲೈನಿನಿಂದ ತರಿಸಲಾಗುತ್ತದೆ. ತಿಕೋಟಾ, ಬಬಲೇಶ್ವರ ಕಡೆಯಿಂದ ಮಕ್ಕಳ ಓದಿಗಾಗಿ, ನೌಕರಿಗಾಗಿ ನಗರಕ್ಕೆ ಬಂದು ಮನೆ ಕಟ್ಟಿಕೊಂಡ ಕುಟುಂಬಗಳು ಇಂತಹ ಬಡಾವಣೆಗಳಲ್ಲಿ ಹಲವು. ದ್ರಾಕ್ಷಿ ಬೆಳೆ, ಏತ ನೀರಾವರಿ, ಶಿಕ್ಷಣಗಳು ಆ ಸೀಮೆಗೆ ತಂದ ಅನುಕೂಲದಿಂದ ಎದ್ದ ಮನೆಗಳಿವು. ಬರವನ್ನೇ ಉಂಡ ನೆಲದ ಜನ ಬಣ್ಣದ ಮನೆ ಕಟ್ಟಿಕೊಂಡದ್ದನ್ನು ಹಗುರವಾಗಿ ನೋಡುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಒಂದು ಸಣ್ಣ ಸಂಗತಿ ಯೋಚನೆಗೆ ಹಚ್ಚುತ್ತದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಣ್ಣಿನ ಜೋಡೆತ್ತು ಮನೆಗೆ ಬರುತ್ತವೆ. ಹಳ್ಳಿಯ ಮನೆಯಲ್ಲಿ ಅವುಗಳಿಗೆ ಗೋಡೆಯೊಳಗೆ ಒಂದು ಜಾಗ ಇತ್ತು: ‘ಮಾಡ’, ಎಂದರೆ ಗೋಡೆಯ ದಪ್ಪದಲ್ಲೇ ಬಿಟ್ಟ ಗೂಡು. ಹೊಸ ಮನೆಯ ಗೋಡೆ ತೆಳುವಾದದ್ದು, ಅದರಲ್ಲಿ ಮಾಡವಿಲ್ಲ. ಶೋಕೇಸು ತುಂಬಿದೆ, ಅದಕ್ಕೆ ಬೀಗವಿದೆ. ಎತ್ತುಗಳು ಹೋಗಿ ಫ್ರಿಜ್ಜಿನ ತಲೆಯ ಮೇಲೆ ನಿಲ್ಲುತ್ತವೆ. ಅಜ್ಜಿಯೊಬ್ಬಳು ಅಲ್ಲಿಯೇ ಊದುಬತ್ತಿ ಹಚ್ಚುತ್ತಾಳೆ. ಪ್ರತಿವರ್ಷ ಬರುವ, ಪ್ರತಿಯೊಬ್ಬರಿಗೂ ಕಥೆ ಗೊತ್ತಿರುವ ಒಂದು ವಸ್ತುವಿಗೆ ಮನೆಯಲ್ಲಿ ಎಡೆಯಿಲ್ಲ. ಯಾರಿಗೂ ಕಥೆ ಗೊತ್ತಿಲ್ಲದ ವಸ್ತುವಿಗೆ ಗಾಜಿನ ಕಪಾಟಿದೆ. ಇದು ರುಚಿಯ ಪ್ರಶ್ನೆಗಿಂತ ಹೆಚ್ಚಾಗಿ ನೆನಪಿನ ಪ್ರಶ್ನೆ, ಅದರ ಬೆನ್ನಿಗೇ ಭಾಷೆಯ ಪ್ರಶ್ನೆ.

ಹಳೆಯ ಮನೆಯ ಬಣ್ಣಗಾರಿಕೆ ಎಂತಹುದು ಎಂಬುದನ್ನು ಮೊದಲು ಗಮನಿಸಬೇಕು. ಕಲ್ಲು, ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ ಹಾಸಿ ಮಣ್ಣು ಹೊದಿಸಿದ ಮಾಳಿಗೆ, ಬೆಳಕಿಂಡಿ, ಪಡಸಾಲೆ ಇವು ಬಯಲುಸೀಮೆಯ ಮನೆಯ ಮುಖ್ಯ ಅಂಗಗಳು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಗೋಡೆಗೆ ಸುಣ್ಣ ಬಳಿಯುವುದು ಚೆಲುವಿಗೆ ಮಾತ್ರವಲ್ಲ, ತಂಪಿಗೂ ಹೌದು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ನೀರಲ್ಲಿ ಅರಳಿದ ಸುಣ್ಣವು ಗೋಡೆಯ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಿನ ಗುಣಕ್ಕೆ ಮರಳುತ್ತದೆ. ಹಾಗೆ ಗಟ್ಟಿಯಾದ ಪದರು ಗೋಡೆಯ ತೇವವನ್ನು ಹೊರಬಿಡುತ್ತದೆ. ಹೊಳಪು ಹೆಚ್ಚಲೆಂದು ಅದಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಕೆಳಗಿನ ಮೊಳದುದ್ದಕ್ಕೆ, ಬಾಗಿಲ ಸುತ್ತಿಗೆ, ಮಾಡದ ಅಂಚಿಗೆ ಕೆಂಪು ಬಳಿಯುತ್ತಿದ್ದರು. ಆ ಕೆಂಪಿಗೆ ‘ಹುರಮಂಜಿ’ ಎಂದು ಹೆಸರು. ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ದ್ವೀಪ ಕೆಮ್ಮಣ್ಣಿಗೆ ಹೆಸರಾದುದು. ಪದವು ಆ ಕಡೆಗೆ ಬೆರಳು ತೋರಿಸುತ್ತದೆ. ಹಳ್ಳಿಯ ಒಂದು ಗೋಡೆಪಟ್ಟಿಯ ಹೆಸರಿನಲ್ಲಿ ಕಡಲ ವ್ಯಾಪಾರದ ನೆನಪು ಉಳಿದಿದೆ. ಅಚ್ಚ ದೇಸಿ ಎಂದು ತಿಳಿದ ಬಣ್ಣವೂ ದೂರದಿಂದ ಬಂದ ಹೆಸರನ್ನು ಹೊತ್ತಿರಬಹುದು ಎಂಬ ಪಾಠವೂ ಅದರಲ್ಲಿದೆ.

ಈ ಬಣ್ಣಗಳಿಗೆ ಒಂದು ಪಂಚಾಂಗವಿತ್ತು. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ, ಮುಂದಿನ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಮಹಾನವಮಿಯ ಮುಂಚೆ ಮನೆಗೆಲ್ಲ ಸುಣ್ಣ. ಊರಿನ ದೇವತೆ ದ್ಯಾಮವ್ವನಿಗೂ ಜಾತ್ರೆಯ ಮುನ್ನ ಹೊಸ ಬಣ್ಣವಾಗಬೇಕು. ಬಣ್ಣಕ್ಕೆ ಕೂತ ದೇವಿ ಬಣ್ಣ ಮುಗಿದ ಮೇಲೆಯೇ ಊರಾಡಲು ಹೊರಡುತ್ತಾಳೆ. ಬಣ್ಣ ಮಾಸುತ್ತದೆ ಎಂಬುದನ್ನು ಈ ವ್ಯವಸ್ಥೆ ಒಪ್ಪಿಕೊಂಡಿತ್ತು. ಮಾಸಿದ್ದನ್ನು ಮತ್ತೆ ಹೊಸದು ಮಾಡುವ ಕೆಲಸವೇ ಹಬ್ಬದ ಅರ್ಧ ಭಾಗವಾಗಿತ್ತು. ಹತ್ತು ವರ್ಷ ಮಾಸದಂತೆ ಇರುವುದಾಗಿ ಭರವಸೆ ಕೊಡುವ ಇಂದಿನ ಬಣ್ಣ ಹತ್ತು ವರ್ಷ ಯಾರ ಕೈಯೂ ಗೋಡೆಯನ್ನು ಮುಟ್ಟದಂತೆಯೂ ಮಾಡುತ್ತದೆ.

ವಿಜಯಪುರಕ್ಕೆ ಬಣ್ಣದ ಒಳಾಂಗಣವೆಂಬುದು ಹಳ್ಳಿಯ ಗೋಡೆಗಷ್ಟೇ ಸೇರಿದ ಸಂಗತಿಯಲ್ಲ. ನಗರದ ಜುಮ್ಮಾ ಮಸೀದಿಯ ಮಿಹ್ರಾಬನ್ನು ಕಂಡವರಿಗೆ ಇದು ತಿಳಿದಿದೆ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ಆರಂಭಗೊಂಡ ಆ ವಿಶಾಲ ಮಸೀದಿಯ ಒಳಗು ಬಹುಪಾಲು ಬಿಳಿಯಾಗಿ, ನಿರಾಡಂಬರವಾಗಿ ಇದೆ. ಮಿಹ್ರಾಬಿನ ಗೋಡೆಯೊಂದನ್ನು ಮಾತ್ರ ಮಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ, 1636ರ ಸುಮಾರಿಗೆ, ಚಿನ್ನದಿಂದಲೂ ಬಣ್ಣಗಳಿಂದಲೂ ತುಂಬಲಾಯಿತು. ಅಲ್ಲಿ ಬರೆದಿರುವುದು ಗೋಡೆಯ ಗೂಡುಗಳನ್ನು. ಗೂಡುಗಳೊಳಗೆ ಹೂದಾನಿಗಳನ್ನು, ಪುಸ್ತಕಗಳನ್ನು. ಎಂದರೆ ಮನೆಯ ಮಾಡದಲ್ಲಿ ಇಡಬಹುದಾದ ವಸ್ತುಗಳನ್ನೇ ಕಲಾವಿದ ಬಣ್ಣದಲ್ಲಿ ಇಟ್ಟಿದ್ದಾನೆ. ವಸ್ತುವಿಲ್ಲ, ವಸ್ತುವಿನ ಬಣ್ಣನೆ ಇದೆ. ಪ್ರಾರ್ಥನೆಯ ಸ್ಥಳದಲ್ಲಿ ಜೀವಿಗಳ ಚಿತ್ರ ಸಲ್ಲದು ಎಂಬ ಕಟ್ಟನ್ನು ಉಲ್ಲಂಘಿಸದೆ, ಓದನ್ನೂ ಹೂವನ್ನೂ ಗೌರವದ ವಸ್ತುಗಳೆಂದು ಸಾರುವ ಚಿತ್ರ ಅದು. ಸುತ್ತಲಿನ ಬಿಳಿ ಇಲ್ಲದಿದ್ದರೆ ಆ ಒಂದು ಗೋಡೆಯ ಬಣ್ಣಕ್ಕೆ ಅಷ್ಟು ಘನತೆ ಬರುತ್ತಿರಲಿಲ್ಲ.

ಅದೇ ಅರಸನ ಕಾಲದ, 1646ರ ಸುಮಾರಿನ ಅಸರ್ ಮಹಲಿನ ಮಹಡಿಯ ಕೋಣೆಗಳಲ್ಲಿ ಹೂದಾನಿ, ಬಳ್ಳಿ, ಎಲೆಗಳ ಭಿತ್ತಿಚಿತ್ರಗಳಿದ್ದವು, ಮನುಷ್ಯಾಕೃತಿಗಳೂ ಇದ್ದವು. ಅದು ಮೊದಲಿಗೆ ನ್ಯಾಯದಾನದ ಮಂದಿರವಾಗಿ ಕಟ್ಟಿದ್ದು. ನಗರದಿಂದ ಪೂರ್ವಕ್ಕಿರುವ ಕುಮಟಗಿಯ ಜಲಮಂಟಪದ ಗೋಡೆಗಳ ಮೇಲೆ ಕುಸ್ತಿಯಾಡುವವರು, ಕುದುರೆಯೇರಿ ಚೆಂಡಾಡುವವರು, ವಾದ್ಯ ನುಡಿಸುವವರು, ಯುರೋಪಿನ ಉಡುಗೆಯವರು ಇದ್ದಾರೆ. ಈಗ ಬಹುಭಾಗ ಮಾಸಿಹೋಗಿವೆ. ವಿಹಾರದ ಮಂಟಪಕ್ಕೆ ಆಟಪಾಟದ ಚಿತ್ರ, ಮಸೀದಿಗೆ ಪುಸ್ತಕದ ಚಿತ್ರ. ಸ್ಥಳಕ್ಕೆ ತಕ್ಕ ಚಿತ್ರವೆಂಬ ವಿವೇಕವು ಇಲ್ಲೆಲ್ಲ ಕೆಲಸ ಮಾಡಿದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ರಸಗಳ ಚಿತ್ರಗಳನ್ನು ಮಾತ್ರ ಬರೆಯಿಸಬೇಕೆಂದೂ ಉಳಿದ ರಸಗಳಿಗೆ ದೇವಾಲಯ, ರಾಜಸಭೆಗಳು ಎಡೆಯೆಂದೂ ವಿಧಿಸುತ್ತದೆ. ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರ ಔಚಿತ್ಯವೆಂದು ಕರೆದದ್ದು ಇದನ್ನೇ. ಡಾಬನ್ನು ಕೊರಳಿಗೆ, ಹಾರವನ್ನು ಸೊಂಟಕ್ಕೆ ಕಟ್ಟಿಕೊಂಡರೆ ಒಡವೆಯ ಬೆಲೆ ಕಡಿಮೆಯಾಗುವುದಿಲ್ಲ, ತೊಟ್ಟವರು ನಗೆಗೀಡಾಗುತ್ತಾರೆ. ಗೋಡೆಯ ಮಾತೂ ಹಾಗೆಯೇ.

ಚಿತ್ರವೊಂದು ಮನೆಗೆ ಏಕೆ ಬೇಕು ಎಂಬ ಪ್ರಶ್ನೆಗೆ ಕನ್ನಡದ ಆದಿಕವಿ ಪಂಪನ ‘ಆದಿಪುರಾಣ’ದಲ್ಲಿ (941) ಒಂದು ಉತ್ತರ ಸಿಗುತ್ತದೆ. ಹಿಂದಿನ ಭವದ ನೆನಪು ಮರುಕಳಿಸಿದ ಶ್ರೀಮತಿಯು ತಾನೂ ಲಲಿತಾಂಗದೇವನೂ ಕಳೆದ ಆ ಬಾಳನ್ನು ಪಟದಲ್ಲಿ ಚಿತ್ರಿಸುತ್ತಾಳೆ. ಆಕೆಯ ದಾದಿ ಪಂಡಿತೆ ಆ ಪಟವನ್ನು ಜಿನಾಲಯಕ್ಕೆ ಕೊಂಡೊಯ್ದು ಹರಡುತ್ತಾಳೆ. ನೋಡಲು ಬಂದವರು ಅನೇಕರು. ಅದರ ಗುಟ್ಟನ್ನು ಬಿಡಿಸಿ ಹೇಳಬಲ್ಲವನು ಒಬ್ಬನೇ, ಅದೇ ಲಲಿತಾಂಗನಾಗಿದ್ದ ವಜ್ರಜಂಘ. ಅವನಿಗೆ ಮಾತ್ರ ಆ ಚಿತ್ರ ನೆನಪಾಗಿ ತೆರೆದುಕೊಳ್ಳುತ್ತದೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಭವಾವಳಿಯ ಕಥನತಂತ್ರವೆಂದು, ಪ್ರೇಮದ ಅವಿಚ್ಛಿನ್ನತೆಯೆಂದು ಓದಲಾಗಿದೆ. ಚಿತ್ರದ ದೃಷ್ಟಿಯಿಂದಲೂ ಓದಬಹುದು. ಪಟದ ಬೆಲೆ ಅದರ ಬಣ್ಣದ ಹೊಳಪಿನಲ್ಲಿ ಇರಲಿಲ್ಲ. ಬಣ್ಣಿಸಬಲ್ಲ ಒಬ್ಬನು ಎದುರಿಗೆ ನಿಂತಾಗ ಅದು ಬೆಲೆ ಪಡೆಯಿತು. ಬಣ್ಣ ಮತ್ತು ಬಣ್ಣನೆ ಒಂದೇ ಬೇರಿನವು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿ ಇದೇ ಕರ್ನಾಟಕದ ನೆಲದಲ್ಲಿ ರಚಿತವಾದ ಸಂಸ್ಕೃತ ಕೃತಿ. ಗೋಡೆಯನ್ನು ಹದ ಮಾಡುವ ಬಗೆ, ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟು, ಶಂಖದ ಬಿಳಿ, ಗೈರಿಕವೆಂಬ ಕಾವಿ, ಅರಗಿನ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಇವೆಲ್ಲ ಅದರಲ್ಲಿ ವಿವರವಾಗಿ ಬರುತ್ತವೆ. ರಂಗೋಲಿಯನ್ನು ಹೋಲುವ ಧೂಳಿಚಿತ್ರವನ್ನೂ ಅದು ಚಿತ್ರದ ಒಂದು ಬಗೆಯೆಂದು ಎಣಿಸುತ್ತದೆ. ಅರಸನ ಗ್ರಂಥವೊಂದು ನೆಲದ ಮೇಲಿನ ಪುಡಿಯ ಚಿತ್ರಕ್ಕೂ ಶಾಸ್ತ್ರದಲ್ಲಿ ಸ್ಥಾನ ಕೊಟ್ಟಿತು ಎಂಬುದು ಗಮನಾರ್ಹ. ಗಾಳಿಗೆ ಅಳಿಸಿಹೋಗುವುದೂ ಚಿತ್ರವೇ ಎಂದು ಆ ಕಾಲ ತಿಳಿದಿತ್ತು.

ಮನೆಯ ಅಲಂಕಾರದ ಅಳತೆಯನ್ನು ಹೇಳಬಲ್ಲ ಇನ್ನೊಂದು ಚಿತ್ರ ಕರ್ನಾಟಕದಲ್ಲಿದೆ. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರರ ಚರಿತೆ, ಸಮವಸರಣ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಮೊದಲಾದ ವರ್ಣಚಿತ್ರಗಳಿವೆ. ಅವುಗಳ ನಡುವೆ ಒಂದು ಕಾಡಿನ ದೃಶ್ಯ, ಒಂದು ಮರ, ಆರು ಜನ. ಇದು ಷಡ್‌ಲೇಶ್ಯೆಯ ಚಿತ್ರ. ಹಣ್ಣು ಬೇಕಾದ ಆರು ಮಂದಿಯಲ್ಲಿ ಒಬ್ಬನು ಮರವನ್ನು ಬುಡಸಹಿತ ಕಡಿಯಲು ಹೊರಡುತ್ತಾನೆ, ಇನ್ನೊಬ್ಬನಿಗೆ ದೊಡ್ಡ ಕೊಂಬೆ ಸಾಕು, ಮತ್ತೊಬ್ಬನಿಗೆ ಸಣ್ಣ ಟೊಂಗೆ, ನಾಲ್ಕನೆಯವನಿಗೆ ಗೊಂಚಲು, ಐದನೆಯವನು ಹಣ್ಣುಗಳನ್ನಷ್ಟೇ ಕೀಳುತ್ತಾನೆ, ಆರನೆಯವನು ತಾನಾಗಿ ಉದುರಿದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಆರು ಮನೋಭಾವಗಳಿಗೆ ಆರು ಬಣ್ಣಗಳ ಹೆಸರು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ವು ಲೇಶ್ಯೆಯ ಈ ವಿಚಾರವನ್ನು ವಿಸ್ತರಿಸುತ್ತದೆ. ವಾಸದ ಕಟ್ಟಡವೊಂದರ ಗೋಡೆಗೆ ಈ ಚಿತ್ರವನ್ನು ಆರಿಸಿದವರ ಔಚಿತ್ಯಪ್ರಜ್ಞೆ ಮೆಚ್ಚತಕ್ಕದ್ದು. ದಿನವೂ ಊಟಕ್ಕೆ, ಪಾಠಕ್ಕೆ ಅದರ ಮುಂದೆ ಹಾದು ಹೋಗುವವರಿಗೆ ‘ಎಷ್ಟು ಬೇಕು’ ಎಂಬ ಪ್ರಶ್ನೆಯನ್ನು ಅದು ಕೇಳುತ್ತಲೇ ಇರುತ್ತದೆ. ಬಣ್ಣವು ಇಲ್ಲಿ ಹೊರಗಿನ ಲೇಪವಾಗಿ ನಿಲ್ಲದೆ ಒಳಗಿನ ನಡತೆಯ ಹೆಸರಾಗಿದೆ.

ಈ ಪ್ರಶ್ನೆಯನ್ನು ಜಲನಗರದ ಹಾಲ್‌ಗೆ ತಂದು ಕೇಳಬಹುದು. ಅಲಂಕಾರಕ್ಕೆಂದು ಎಷ್ಟು ವಸ್ತು ಬೇಕು? ಯಾವುದು ಬೇಕು? ಇಂದಿನ ಅಲಂಕಾರ ಸಾಮಗ್ರಿಯ ಮಾರುಕಟ್ಟೆಯು ಮೊದಲನೆಯವನ ಸ್ವಭಾವದ್ದು. ಋತುವಿಗೊಮ್ಮೆ ಎಲ್ಲವನ್ನೂ ಬದಲಿಸಿ ಎನ್ನುತ್ತದೆ. ಹಳೆಯ ಮನೆಯೂ ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಆದರೆ ಅದರ ಮಣ್ಣೆತ್ತು ಮಣ್ಣಿಗೆ, ರಂಗೋಲಿ ಗಾಳಿಗೆ, ಸುಣ್ಣ ಗೋಡೆಗೆ ಸೇರುತ್ತಿದ್ದವು. ಕಸವಾಗಿ ಉಳಿಯುವುದು ಏನೂ ಇರಲಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಹಳೆಯದನ್ನು ಕುರಿತ ಹಂಬಲವು ಹಳೆಯದರ ಭಾರವನ್ನು ಮರೆಸಬಾರದು. ಸಾರಣೆ ಕಾರಣೆ ಎಂಬ ಇಂಪಾದ ಜೋಡಿಪದದ ಹಿಂದೆ ಹೆಣ್ಣುಮಕ್ಕಳ ಸೊಂಟನೋವಿದೆ, ಸುಣ್ಣಕ್ಕೆ ಸುಟ್ಟ ಅಂಗೈ ಇದೆ. ಆ ದುಡಿಮೆಗೆ ಕೂಲಿ ಇರಲಿಲ್ಲ, ಹೆಸರೂ ಇರಲಿಲ್ಲ. ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳಿಗೆ ತೊಳೆದರೆ ಶುಚಿಯಾಗುವ ಬಣ್ಣವು ಬಿಡುವನ್ನು ಕೊಟ್ಟಿದೆ. ಆ ಬಿಡುವನ್ನು ಕಸಿಯುವ ಯಾವ ಸಂಸ್ಕೃತಿಪ್ರೇಮವೂ ನ್ಯಾಯವಲ್ಲ. ಹಾಗೆಯೇ ಹಳೆಯ ಬಣ್ಣವೆಲ್ಲ ನಿರಪಾಯಕಾರಿ ಎಂಬ ನಂಬಿಕೆಯೂ ತಪ್ಪು. ಮಾನಸೋಲ್ಲಾಸ ಹೇಳುವ ಹರಿತಾಳವು ಆರ್ಸೆನಿಕ್ಕಿನ ಸಂಯುಕ್ತ, ಹಿಂಗುಲವು ಪಾದರಸದ್ದು. ಹೊಸ ಬಣ್ಣಗಳಲ್ಲಿ ಸೀಸದ ಅಪಾಯವಿತ್ತು; ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಬೇಕಾಯಿತು. ಹಳೆಯದು, ಹೊಸದು ಎಂಬುದರಿಂದ ಒಳಿತು ಕೆಡುಕು ತೀರ್ಮಾನವಾಗುವುದಿಲ್ಲ. ಮಣ್ಣಿನ ಗೋಡೆಯ ಹಳೆಯ ಮನೆಗೆ ತೇವ ಬಿಡದ ಆಯಿಲ್ ಪೇಂಟ್ ಬಳಿದು, ಎರಡು ಮಳೆಗಾಲಕ್ಕೆ ಅದು ಹಪ್ಪಳದಂತೆ ಏಳುವುದನ್ನು ನೋಡಿದರೆ ಹೊಸದೂ ತನ್ನ ಎಡೆಯಲ್ಲದ ಎಡೆಯಲ್ಲಿ ನಿಲ್ಲದೆಂದು ತಿಳಿಯುತ್ತದೆ. ಕೊನೆಗೆ ಎಲ್ಲವೂ ಔಚಿತ್ಯಕ್ಕೇ ಬಂದು ನಿಲ್ಲುತ್ತದೆ.

ಹಾಗಾದರೆ ಹೊಸ ಮನೆಗೆ ಸಲ್ಲುವ ಅಲಂಕಾರ ಯಾವುದು? ಒಂದು ಸರಳ ಪರೀಕ್ಷೆಯನ್ನು ಮುಂದಿಡಬಹುದು. ಮನೆಯಲ್ಲಿರುವ ಬಣ್ಣದ ವಸ್ತುವನ್ನು ತೋರಿಸಿ ಮಗುವೊಂದು ‘ಇದೇನು?’ ಎಂದು ಕೇಳಿದರೆ ಮನೆಯವರಲ್ಲಿ ಒಬ್ಬರಾದರೂ ನಾಲ್ಕು ಮಾತು ಹೇಳಲು ಶಕ್ತರಾಗಿರಬೇಕು. ಯಾರು ಮಾಡಿದ್ದು, ಏತರಿಂದ ಮಾಡಿದ್ದು, ಏಕೆ ಈ ಬಣ್ಣ, ಇದಕ್ಕೇನು ಕಥೆ ಎಂದು. ಬಣ್ಣನೆಗೆ ಒದಗದ ಬಣ್ಣವು ಮನೆಯಲ್ಲಿದ್ದರೂ ಅಂಗಡಿಯ ಸರಕಾಗಿಯೇ ಉಳಿಯುತ್ತದೆ.

ಈ ಪರೀಕ್ಷೆಯಲ್ಲಿ ಗೆಲ್ಲುವ ವಸ್ತುಗಳು ಹೊರಗಿನಿಂದ ಬರಬೇಕಾಗಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ತುಂಡುಗಳನ್ನು ಕೂಡಿಸಿ, ಬಟ್ಟೆ ಹೊದಿಸಿ, ಮೇಲೆ ಬಣ್ಣವಿಟ್ಟು ಮೂರ್ತಿಗಳನ್ನೂ ಪ್ರಾಣಿಪಕ್ಷಿಗಳನ್ನೂ ಮಾಡುತ್ತಾರೆ. ಆ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಲೋಹದ ತೆಳು ಹಾಳೆಯಿಂದ ಹೊಳಪು ತರುವ ಅವರ ‘ಲಾಜವರ’ ವಿಧಾನವು ಹೆಸರಿನಿಂದಲೇ ಭಾಷಾಭ್ಯಾಸಿಗಳ ಕುತೂಹಲವನ್ನು ಕೆರಳಿಸುವಂತಹುದು. ಮಲೆನಾಡಿನತ್ತ ಹೋದರೆ ಸಾಗರ, ಸೊರಬ ಭಾಗದ ದೀವರ ಹೆಣ್ಣುಮಕ್ಕಳ ಹಸೆಗೋಡೆ ಚಿತ್ತಾರವಿದೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚವು ಪುಂಡಿನಾರಿನದು. ಭೂಮಿ ಹುಣ್ಣಿಮೆಗೆ ಅವರು ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿಯು ಬುಟ್ಟಿಯಾಗಿಯೂ ಚಿತ್ರವಾಗಿಯೂ ಇರುತ್ತದೆ. ಇವು ನಗರದ ಮನೆಗಳಿಗೂ ಈಗ ಬರತೊಡಗಿವೆ. ಬರಲಿ. ಆದರೆ ಹಸೆಯು ಮದುವೆಯ ಗೋಡೆಯದು, ಬುಟ್ಟಿಯು ಬಸುರಿ ಭೂಮಿಗೆ ಬಯಕೆಯೂಟ ಒಯ್ಯುವಂತಹುದು ಎಂಬ ಅರಿವೂ ಅವುಗಳ ಜೊತೆಗೆ ಬರಬೇಕು. ಚಿತ್ತಾರವನ್ನು ಯಂತ್ರದಲ್ಲಿ ಅಚ್ಚೊತ್ತಿ ಚಹಾದ ಬಟ್ಟಲ ಮೇಲೆ ಮಾರಿದಾಗ ರೇಖೆ ಉಳಿಯುತ್ತದೆ. ಬರೆದವಳು ಮರೆಯಾಗುತ್ತಾಳೆ, ಅವಳ ಕೂಲಿಯೂ ಮರೆಯಾಗುತ್ತದೆ. ಹತ್ತು ಅಚ್ಚಿನ ವಸ್ತುಗಳಿಗೆ ಕೊಡುವ ಹಣದಲ್ಲಿ ಕೈಯಿಂದಾದ ಒಂದನ್ನು, ಮಾಡಿದವರ ಹೆಸರನ್ನು ಕೇಳಿ ಕೊಳ್ಳುವುದು ಆರನೆಯವನ ನಡತೆಗೆ ಹತ್ತಿರವಾದುದು.

ಕಟ್ಟುವವರಿಗೂ ಒಂದು ಸಲಹೆ ಸಲ್ಲುತ್ತದೆ. ಹಾಲ್‌ನ ಒಂದು ಗೋಡೆಯಲ್ಲಿ, ಬಾಗಿಲ ಪಕ್ಕದಲ್ಲಿ, ಒಂದು ಮಾಡವನ್ನು ಬಿಡುವುದಕ್ಕೆ ಹೆಚ್ಚಿನ ಖರ್ಚಾಗದು. ಜುಮ್ಮಾ ಮಸೀದಿಯ ಕಲಾವಿದ ಬಣ್ಣದಲ್ಲಿ ಬರೆದ ಗೂಡು ಅದು. ಹಳ್ಳಿಯ ಗೌಂಡಿ ಮಣ್ಣಿನಲ್ಲಿ ಬಿಟ್ಟ ಗೂಡೂ ಅದೇ. ಅದರ ಅಂಚಿಗೆ ಒಂದು ಕೆಂಪು ಪಟ್ಟಿ, ವರ್ಷಕ್ಕೊಮ್ಮೆ ಮನೆಯವರೆಲ್ಲ, ಗಂಡಸರೂ ಸೇರಿ, ಕೈಯಿಂದಲೇ ಬಳಿಯಲಿ. ಉಳಿದ ಗೋಡೆ ಯಾವ ಕಂಪನಿಯ ಬಣ್ಣದ್ದಾದರೂ ಆಗಲಿ. ಎತ್ತು ಫ್ರಿಜ್ಜಿನಿಂದ ಇಳಿದು ತನ್ನ ಎಡೆಗೆ ಬರುತ್ತದೆ. ಆ ಗೂಡಿನಲ್ಲಿ ಕ್ರಿಸ್ಮಸ್ಸಿಗೆ ದೀಪವಿಡುವ ಮನೆ, ರಂಜಾನಿಗೆ ಪುಸ್ತಕವಿಡುವ ಮನೆ, ಏನನ್ನೂ ಇಡದೆ ಖಾಲಿ ಬಿಡುವ ಮನೆ ಎಲ್ಲವೂ ಇರಬಹುದು. ಖಾಲಿ ಮಾಡವೂ ಶೋಭೆಯೇ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಷಯ ಏಕೆ ಎಂಬ ಪ್ರಶ್ನೆ ಏಳಬಹುದು. ‘ಮಾಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಮಾಡ ಎಂದರೆ ಉಪ್ಪರಿಗೆಯ ಮನೆ. ಕರುಮಾಡ ಎಂದರೆ ಎತ್ತರದ ಸೌಧ. ಆಡುಮಾತಿನಲ್ಲಿ ಮಾಡವು ಗೋಡೆಯ ಗೂಡು. ಮನೆಯಲ್ಲಿ ಮಾಡವನ್ನು ಕಂಡ ವಿದ್ಯಾರ್ಥಿಯು ಕಾವ್ಯದಲ್ಲಿ ಆ ಪದ ಬಂದಾಗ ತಡೆದು ನಿಂತು, ಇದು ಯಾವ ಮಾಡ ಎಂದು ಕೇಳುತ್ತಾನೆ. ಆ ಕೇಳ್ವಿಯೇ ಅರ್ಥದ ಬಾಗಿಲು. ಎರಡನ್ನೂ ಕಾಣದವನಿಗೆ ಪದ್ಯವೂ ಗೀತೆಯೂ ಸಮಾನವಾಗಿ ಮೂಕವಾಗಿರುತ್ತವೆ. ಹುರಮಂಜಿ, ಕಾರಣೆ, ಸಾರಣೆ, ಬೆಳಕಿಂಡಿ, ಜಂತಿ ಇಂತಹ ಪದಗಳು ವಸ್ತುವಿನ ಬೆನ್ನ ಮೇಲೆ ಬದುಕಿದವು. ಗೋಡೆ ಬಿದ್ದರೆ ಪದವೂ ಬೀಳುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಅಖಂಡ ವಿಜಾಪುರ ಜಿಲ್ಲೆಯ ಎಷ್ಟೋ ಊರುಗಳು ಮುಳುಗಿದಾಗ ಹೊಲ, ಗುಡಿಗಳ ಲೆಕ್ಕವಾಯಿತು, ಪರಿಹಾರ ನಿಗದಿಯಾಯಿತು. ಗೋಡೆಯ ಮೇಲಿನ ಕಾರಣೆಗೆ ಲೆಕ್ಕದ ಪುಸ್ತಕದಲ್ಲಿ ಕಲಂ ಇರಲಿಲ್ಲ. ಇಂದು ಮುಳುಗಡೆಯಿಲ್ಲದೆಯೇ ತಿಕೋಟಾ, ಬಬಲೇಶ್ವರಗಳ ಹಳೆಯ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಕಾಲ ಕೆಡವುವುದನ್ನು ತಡೆಯಲಾಗದು. ದಾಖಲಿಸುವುದು ಸಾಧ್ಯ.

ವಿಜಯಪುರದಲ್ಲಿಯೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಕನ್ನಡ ವಿಭಾಗಗಳಿರುವ ಪದವಿ ಕಾಲೇಜುಗಳಿವೆ. ಹೆಣ್ಣುಮಕ್ಕಳ ಕೈಯ ಕಲೆಯನ್ನು ಹೆಣ್ಣುಮಕ್ಕಳೇ ದಾಖಲಿಸುವುದಕ್ಕೆ ಇದಕ್ಕಿಂತ ತಕ್ಕ ಊರು ಬೇರೆ ಬೇಕಿಲ್ಲ. ಪ್ರತಿ ವಿದ್ಯಾರ್ಥಿನಿಯೂ ತನ್ನ ಊರಿನ ಒಂದು ಹಳೆಯ ಮನೆಯ ಗೋಡೆಯನ್ನು ಆರಿಸಿಕೊಂಡು, ಅದರ ಅಳತೆ, ಬಣ್ಣ, ಬಣ್ಣದ ಹೆಸರು, ಬಳಿಯುವ ತಿಥಿ, ಬಳಿದವರ ಮಾತು ಇಷ್ಟನ್ನು ನಾಲ್ಕು ಪುಟಗಳಲ್ಲಿ ಬರೆದರೆ ಸಾಕು. ಮೊಬೈಲಿನ ಚಿತ್ರವೊಂದು ಜೊತೆಗಿರಲಿ. ಆದರೆ ಮಾತು ಇಲ್ಲದೆ ಚಿತ್ರ ಮಾತ್ರ ಬೇಡ. ಕೆಲವೇ ವರ್ಷಗಳಲ್ಲಿ ಈ ಸೀಮೆಯ ಗೋಡೆಗಳ ಒಂದು ಪದಕೋಶ ಸಿದ್ಧವಾಗುತ್ತದೆ. ಜನಪದ ಗೀತೆಗಳ ಸಂಪಾದಕರಿಗೆ, ನಿಘಂಟುಕಾರರಿಗೆ ಅದರಿಂದ ಆಗುವ ಉಪಕಾರ ಸಣ್ಣದಲ್ಲ. ಜಿಲ್ಲೆಯ ಸ್ಮಾರಕಗಳ ಮೇಲೆ ನೂರು ವರ್ಷಗಳ ಹಿಂದೆಯೇ, 1916ರಲ್ಲಿ, ಹೆನ್ರಿ ಕಜಿನ್ಸ್ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಅರಸರ ಗೋಡೆಗಳು ಹಾಗೆ ದಾಖಲೆಗೆ ಬಂದವು. ಅವ್ವಂದಿರ ಗೋಡೆಗಳಿಗೆ ಅಂತಹ ಗ್ರಂಥ ಇನ್ನೂ ಬರಬೇಕಾಗಿದೆ.

ಜಲನಗರದ ಹೊಸ ಮನೆಯ ಅಜ್ಜಿಯ ಬಳಿ ಆ ಗ್ರಂಥದ ಮೊದಲ ಅಧ್ಯಾಯವಿದೆ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತುಗಳನ್ನು ಫ್ರಿಜ್ಜಿನ ಮೇಲೆ ಇಡುವ ಮೊದಲು ‘ನಿಮ್ಮ ಮನಿಯೊಳಗ ಇವನ್ನ ಎಲ್ಲಿ ಇಡತಿದ್ರಿ, ಗ್ವಾಡಿಗೆ ಏನು ಬಳೀತಿದ್ರಿ?’ ಎಂದು ಮೊಮ್ಮಗಳು ಕೇಳಿದರೆ, ಆಕೆ ಹೇಳುವುದಕ್ಕೆ ಶುರುಮಾಡುತ್ತಾಳೆ.